ಸೇತು ಮಾಷ್‌ನ ನಾಲ್ಕನೇ ಕೋಷ್ಟಕ

ಪಾರಕ್ಕಡವಿನ ಶಾಲಾ ಮೇಷ್ಟ್ರು ಸೇತುಮಾಧವನ್ ಮಾಷ್ ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ ಎಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ಸ್ವತಃ ಸೇತುಮಾಧವನ್ ಮಾಷೇ. ಅವನು ಹೇಳದೆ ಹೋಗಿದ್ದರೆ ಅಂಥದೊಂದು ಅನುಮಾನ ಯಾರಿಗೂ ಬರುವಂತಿರಲಿಲ್ಲ. ಇಪ್ಪತ್ತು ವರ್ಷದಿಂದ ಆರನೇ ಇಯತ್ತೆಯ ಮಕ್ಕಳಿಗೆ ಭಿನ್ನರಾಶಿ ಕಲಿಸುತ್ತಿದ್ದವನು, ತಾನೇ ಬಿ.ಎಸ್‌ಸಿ.ಯನ್ನು ಮೂರನೇ ಏಟಿಗೆ ಪಾಸು ಮಾಡಿದವನು, ನಲವತ್ತನೇ ವಯಸ್ಸಿನಲ್ಲಿ ಅಂಚೆಯ ಮೂಲಕ ಎಂ.ಎಸ್‌ಸಿ. ಕಟ್ಟಿ, ವರ್ಷಕ್ಕೆ ಒಂದೊಂದೇ ಪೇಪರನ್ನು ಹಲ್ಲು ಕೀಳಿಸಿಕೊಂಡ ಹಾಗೆ ಮುಗಿಸುತ್ತ ಬಂದಿದ್ದ. ಈಗ ಉಳಿದಿದ್ದು ಒಂದೇ, ಪ್ರಾಜೆಕ್ಟ್. ಡಿಸೆಂಬರ್ ಹದಿನೈದರೊಳಗೆ ಒಪ್ಪಿಸದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ವಿಶ್ವವಿದ್ಯಾಲಯದಿಂದ ಕಾಗದ ಬಂದಿತ್ತು. ಆ ಕಾಗದವನ್ನೇ ಚಹಾದಂಗಡಿಯಲ್ಲಿ ಬಿಡಿಸಿ ಹಿಡಿದು, "ಸಂಶೋಧನೆ ಅಂದ್ರೆ ಹೀಗೇ, ಒತ್ತಡ ಜಾಸ್ತಿ" ಎಂದು ನಾಲ್ಕು ಜನಕ್ಕೆ ಕೇಳಿಸುವಂತೆ ನಿಟ್ಟುಸಿರು ಬಿಟ್ಟಿದ್ದ.

ಅವನ ತಾಯಿ ಕಾರ್ತ್ಯಾಯನಿಯಮ್ಮನಿಗೆ ಎಂಬತ್ತಮೂರು. ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು. ಬಂದವರ ಹತ್ತಿರವೆಲ್ಲ ಆಕೆ ಹೇಳುತ್ತಿದ್ದದ್ದು ಒಂದೇ ಮಾತು.

"ನಂಗೇನೂ ಆಸೆ ಇಲ್ಲ. ಈ ದಡ್ಡ ಒಂದು ಸಲವಾದ್ರೂ ಮೊದಲನೇ ಏಟಿಗೇ ಪಾಸಾಗೋದನ್ನ ನೋಡಿ ಕಣ್ಮುಚ್ಚಿದ್ರೆ ಸಾಕು."

ಪ್ರಾಜೆಕ್ಟಿಗೆ ಮಾರ್ಗದರ್ಶಕಿ ತ್ರೇಸ್ಯಾಮ್ಮ ಟೀಚರ್. ಕಾಲೇಜಿನಿಂದ ನಿವೃತ್ತರಾಗಿ ಕೋಳಿ ಸಾಕಿಕೊಂಡಿದ್ದವರು, ಕೋಳಿಗಳನ್ನು ಗದರುವ ದನಿಯಲ್ಲೇ ವಿದ್ಯಾರ್ಥಿಗಳನ್ನೂ ಗದರುವವರು. ಸೇತು ಮಾಷ್ ಮೊದಲು 'ಶೂನ್ಯದ ಮಹಿಮೆ' ಎಂದು ಹತ್ತು ಪುಟ ಬರೆದುಕೊಂಡು ಹೋದ. ಟೀಚರ್ ಅದನ್ನು ಕೋಳಿಗೂಡಿನ ಕೆಳಗೆ ಹಾಸಿದರು.

"ಭಾಷಣ ಬೇಡ ಮಾಷೇ. ಒಂದು ಸಣ್ಣ ಪ್ರಶ್ನೆ ತಗೊಳ್ಳಿ. ನಿಮಗೂ ಉತ್ತರ ಗೊತ್ತಿರಬಾರದು, ನಂಗೂ ಗೊತ್ತಿರಬಾರದು. ಅಂಕಿಅಂಶ ಮಾತ್ರ ಊರಲ್ಲೇ ಸಿಗೋ ಹಾಗಿರ್ಬೇಕು. ಹೋಗಿ, ಯೋಚನೆ ಮಾಡಿ."

ಮಾಷ್ ಯೋಚಿಸಿದ. ಪಾರಕ್ಕಡವಿನಲ್ಲಿ ಬೆಳಗ್ಗೆ ಪೇಪರ್ ಬಂದರೆ ಮೊದಲು ಬಿಡಿಸುವುದು ಮರಣದ ಪುಟವನ್ನು. ಯಾರು ಹೋದರು, ಎಷ್ಟು ವಯಸ್ಸು, ಮಕ್ಕಳು ಯಾವ ದೇಶದಲ್ಲಿದ್ದಾರೆ ಎಂದು ನೋಡಿಕೊಂಡ ಮೇಲೆಯೇ ದೇಶದ ಸುದ್ದಿ. ಹಾಗಾದರೆ ಇದೇ ಇರಲಿ, ತಮ್ಮ ಒಂಬತ್ತನೇ ವಾರ್ಡಿನಲ್ಲಿ ಒಂದು ಸಾವಿಗೂ ಇನ್ನೊಂದು ಸಾವಿಗೂ ನಡುವೆ ಎಷ್ಟು ದಿನ ಹೋಗುತ್ತದೆ ಎಂಬ ಲೆಕ್ಕ. ಟೀಚರ್‌ಗೆ ಬಹಳ ಹಿಡಿಸಿತು.

"ಇದು ಪ್ರಶ್ನೆ! ನೋಡಿ ಮಾಷೇ, ಮುಂದಿನ ಬಸ್ಸು ಎಷ್ಟೊತ್ತಿಗೆ ಬರುತ್ತೋ ಹೇಳೋಕಾಗಲ್ಲ. ತಿಂಗಳಿಗೆ ಎಷ್ಟು ಬಸ್ಸು ಬರಬಹುದು ಅಂತ ಮಾತ್ರ ಹೇಳಬಹುದು. ಹತ್ತು ವರ್ಷದ ಅಂಕಿ ತನ್ನಿ. ಕೊನೇಲಿ ನಾಲ್ಕನೇ ಕೋಷ್ಟಕ ಅಂತ ಒಂದಿರಲಿ, ಮುಂದಿನ ಮೂರು ತಿಂಗಳಲ್ಲಿ ಎಷ್ಟು ನಿರೀಕ್ಷಿಸಬಹುದು ಅಂತ."

ಹತ್ತು ವರ್ಷದ ಅಂಕಿ ಇರುವುದು ಪಂಚಾಯಿತಿ ಕಚೇರಿಯ ಮರಣ ರಿಜಿಸ್ಟರಿನಲ್ಲಿ. ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದವನು ಗುಮಾಸ್ತ ರಾಘವ ವಾರ್ಯರ್, ಅದೇ ವಾರ್ಡಿನವನು.

"ಮರಣ ರಿಜಿಸ್ಟರಾ? ಯಾರು ಸತ್ರು ಮಾಷೇ?"

"ಯಾರೂ ಸತ್ತಿಲ್ಲ ವಾರ್ಯರೇ. ಗಣಿತಕ್ಕೆ."

"ಯಾರೂ ಸಾಯದೆ ಮರಣ ರಿಜಿಸ್ಟರ್ ತೋರಿಸೋ ನಿಯಮ ಇಲ್ಲ. ಯಾರಾದ್ರೂ ಸತ್ತ ಮೇಲೆ ಬನ್ನಿ, ತೋರಿಸೋಣ." ವಾರ್ಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕಚೇರಿಯೂ ನಕ್ಕಿತು.

ಅವಮಾನವಾದ ಮನುಷ್ಯ ಮನೆಗೆ ಬಂದು ಏನು ಮಾಡುತ್ತಾನೆ? ಸೇತು ಮಾಷ್ ಹಾಳೆ ಎಳೆದುಕೊಂಡು ಅಂಕಿಗಳನ್ನು ತಾನೇ ಹುಟ್ಟಿಸಿದ. ನೆನಪಿದ್ದ ಇಪ್ಪತ್ತು ಸಾವುಗಳನ್ನು ಮೊದಲು ಬರೆದುಕೊಂಡ, ಉಳಿದದ್ದಕ್ಕೆ ಕೈಗೆ ಬಂದ ತಾರೀಕು ಹಾಕುತ್ತ ಹೋದ. ಮೂರು ಸಂಜೆಗಳಲ್ಲಿ ನೂರಾ ಹದಿನಾರು ಜನರನ್ನು ತೀರಿಸಿದ. ಹೆಂಡತಿ ಸುಮಂಗಲ ಎರಡು ಸಲ ಬಾಗಿಲಿಗೆ ಬಂದು, "ಇವತ್ತಿಗೆ ಸಾಕು, ಉಳಿದವರನ್ನ ನಾಳೆ ಸಾಯ್ಸಿ, ಮೀನುಸಾರು ಆರ್ತಾ ಇದೆ" ಎಂದಳು.

ನಾಲ್ಕನೇ ಕೋಷ್ಟಕದ ಹೊತ್ತಿಗೆ ಅವನಿಗೆ ಎಂಥ ಹುರುಪು ಬಂದಿತ್ತೆಂದರೆ, ಟೀಚರ್ ಕೇಳಿದ್ದು 'ಎಷ್ಟು' ಎಂಬುದು ಮರೆತೇಹೋಗಿ 'ಯಾವತ್ತು' ಎಂದು ಬರೆದ. ಸರಾಸರಿ ತಿಂಗಳಿಗೊಂದು. ಸರಿಯಾಗಿ ತಿಂಗಳಿಗೊಂದು ಹಾಕಿದರೆ ಸುಳ್ಳೆಂದು ಗೊತ್ತಾದೀತು ಎಂದು ಅಲ್ಲಿ ಆರು ದಿನ ಹಿಗ್ಗಿಸಿ, ಇಲ್ಲಿ ಎಂಟು ದಿನ ಕುಗ್ಗಿಸಿ, ಚೆಂದ ಕಾಣುವ ಹಾಗೆ ಮೂರು ತಾರೀಕು ಇಟ್ಟ. ಅಕ್ಟೋಬರ್ ಹನ್ನೆರಡು, ನವೆಂಬರ್ ಹದಿನೇಳು, ಡಿಸೆಂಬರ್ ಒಂಬತ್ತು.

ಬೆರಳಚ್ಚಿಗೆ ಕೊಟ್ಟದ್ದು ಬಸ್‌ಸ್ಟ್ಯಾಂಡಿನ ಪಕ್ಕದ ಲಿಜಿಯ ಡಿಟಿಪಿ ಸೆಂಟರಿಗೆ. ಊರಿನ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸತ್ತವರ ಫೋಟೋದ ಫ್ಲೆಕ್ಸು ಎಲ್ಲ ಅವಳದೇ ಕೈಯಲ್ಲಿ ಆಗುವುದು. ನಾಲ್ಕನೇ ಕೋಷ್ಟಕಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಮಾಷೇ, ಇವು ಮೂರು ಮುಂದಿನ ತಾರೀಕುಗಳಲ್ವಾ?"

"ಹೌದು. ಆಯಾ ದಿನ ಒಂಬತ್ತನೇ ವಾರ್ಡಲ್ಲಿ ಒಬ್ಬೊಬ್ಬರು ಹೋಗ್ತಾರೆ."

"ಅಯ್ಯೋ ಮಾತಾವೇ! ಹೆಸರಿನ ಕಾಲಮ್ಮೇ ಇಲ್ವಲ್ಲ?"

ಸೇತು ಮಾಷ್ ಕನ್ನಡಕ ತೆಗೆದು ಒರೆಸಿದ. ಅವನ ಜೀವಮಾನದಲ್ಲಿ ಯಾರೂ ಅವನನ್ನು ಇಷ್ಟು ಕಣ್ಣರಳಿಸಿ ನೋಡಿರಲಿಲ್ಲ. "ಹೆಸರು ಗಣಿತಕ್ಕೆ ಬೇಕಾಗಿಲ್ಲ ಲಿಜಿ" ಎಂದ.

ಅಕ್ಟೋಬರ್ ಹನ್ನೆರಡರ ಬೆಳಗ್ಗೆ ಒಂಬತ್ತನೇ ವಾರ್ಡಿನ ಚಾಮಿ ಸತ್ತ. ಐವತ್ತು ವರ್ಷ ತಾಳೆಮರ ಹತ್ತಿ ಕಳ್ಳು ಇಳಿಸಿ ಒಮ್ಮೆಯೂ ಬೀಳದಿದ್ದವನು, ಮಟ್ಟಸವಾದ ಅಂಗಳದಲ್ಲಿ ಗೋಡೆಗೊರಗಿ ಬೀಡಿ ಹಚ್ಚಿಕೊಂಡವನು, ಹಾಗೇ ಕುಳಿತಿದ್ದ. ಬೀಡಿ ಅದರ ಪಾಡಿಗೆ ಉರಿದು ಮುಗಿದಿತ್ತು. ಫ್ಲೆಕ್ಸು ಮಾಡಿಸಲು ಮಗ ಲಿಜಿಯ ಹತ್ತಿರ ಓಡಿದರೆ, ಅವಳು ಕಪ್ಪು ಅಂಚಿನ ಫ್ಲೆಕ್ಸನ್ನು ಅದಾಗಲೇ ತಾರೀಕು ಹಾಕಿ ಸಿದ್ಧ ಮಾಡಿ ಇಟ್ಟಿದ್ದಳು. ಹೆಸರು, ಫೋಟೋ ಜಾಗ ಮಾತ್ರ ಖಾಲಿ. "ಕೆಲಸ ಹಗುರಾಗ್ಲಿ ಅಂತ" ಎಂದಳಂತೆ. ಮಧ್ಯಾಹ್ನದೊಳಗೆ ಕೋಷ್ಟಕದ ವಿಷಯ ಊರಿಗೆಲ್ಲ ಗೊತ್ತಾಯಿತು.

ಸಂಜೆ ಚಹಾದಂಗಡಿಯಲ್ಲಿ ಸೇತು ಮಾಷ್‌ಗೆ ಜನ ಬೆಂಚು ಬಿಟ್ಟುಕೊಟ್ಟರು. ಅವನೊಬ್ಬನೇ ಇಡೀ ಬೆಂಚಿನಲ್ಲಿ ಕುಳಿತ. ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಆ ತಾರೀಕನ್ನು ತಾನು ಹೇಗೆ ಆರಿಸಿದೆ ಎಂದು ನೆನಪು ಮಾಡಿಕೊಂಡರೆ ಏನೂ ನೆನಪಾಗಲಿಲ್ಲ. ಕೈ ಬರೆದಿತ್ತು, ಅಷ್ಟೇ.

ಮರುದಿನದಿಂದ ಮನೆಗೆ ಜನ ಬರತೊಡಗಿದರು. ಮೊದಲು ಬಂದವನು ಔಸೇಪ್ಪಚ್ಚನ್. ಮದುವೆಗೂ ಸಾವಿಗೂ ಕುರ್ಚಿ, ಟಾರ್ಪಾಲು ಬಾಡಿಗೆಗೆ ಕೊಡುವವನು.

"ಮಾಷೇ, ಹದಿನೇಳಕ್ಕೆ ಐವತ್ತು ಕುರ್ಚಿ ತೆಗೆದಿಟ್ಟಿದ್ದೀನಿ. ಯಾವ ಮನೆ ಅಂತ ಬೇಡ, ಯಾವ ಬೀದಿ ಅಂತ ಹೇಳಿದ್ರೆ ಸಾಕು. ಗಾಡಿ ಅಲ್ಲಿ ನಿಲ್ಲಿಸಿರ್ತೀನಿ."

ಆಮೇಲೆ ವಾರ್ಡಿನ ಮೆಂಬರ್ ಹಂಸ ಬಂದ. "ಡಿಸೆಂಬರ್ ಒಂಬತ್ತಕ್ಕೆ ನಮ್ಮ ರಸ್ತೆ ಉದ್ಘಾಟನೆ ಮಾಷೇ, ಮಂತ್ರಿಗಳು ಬರ್ತಾರೆ. ಆ ಸಾವನ್ನ ಹತ್ತನೇ ವಾರ್ಡಿಗೆ ದಾಟಿಸೋಕಾಗುತ್ತಾ? ಅಲ್ಲಿಯ ಮೆಂಬರ್ ಹೇಗೂ ಬೇರೆ ಪಕ್ಷದವನು."

"ಗಣಿತಕ್ಕೆ ಪಕ್ಷ ಇಲ್ಲ ಹಂಸ."

"ಎಲ್ಲರೂ ಮೊದಲು ಹೀಗೇ ಹೇಳೋದು" ಎಂದು ಹಂಸ ಮುಖ ಸಪ್ಪಗೆ ಮಾಡಿಕೊಂಡು ಎದ್ದ.

ಕವಡೆಶಾಸ್ತ್ರದ ಪಣಿಕ್ಕರ್ ಬಂದು ಜಗುಲಿಯ ಮೇಲೆ ನಿಂತೇ ಕೂಗಾಡಿದರು. "ಮೂವತ್ತೈದು ವರ್ಷದಿಂದ ಕವಡೆ ಹಾಕ್ತಿದ್ದೀನಿ ಕಣಯ್ಯಾ! ಒಂದೇ ಒಂದು ಸಾವನ್ನ ತಾರೀಕು ಹಾಕಿ ಹೇಳಿಲ್ಲ. ಅದು ಮರ್ಯಾದಸ್ಥರು ಮಾಡೋ ಕೆಲಸ ಅಲ್ಲ! ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನಿಂಗೆ ಎಂ.ಎಸ್‌ಸಿ. ಬೇಕಾಯ್ತಾ?" ಕೂಗಿ ಸುಸ್ತಾದ ಮೇಲೆ ಹತ್ತಿರ ಬಂದು, ಸುಮಂಗಲಳಿಗೆ ಕೇಳದ ಹಾಗೆ, "ಕೋಷ್ಟಕದಲ್ಲಿ ನಂದೇನಾದ್ರೂ ಇದೆಯಾ?" ಎಂದರು.

ನವೆಂಬರ್ ಹದಿನೇಳು ಬಂತು. ಬೆಳಗ್ಗೆಯಿಂದ ಒಂಬತ್ತನೇ ವಾರ್ಡಿನಲ್ಲಿ ಯಾರೂ ಮರ ಹತ್ತಲಿಲ್ಲ, ಬಾವಿಗಿಳಿಯಲಿಲ್ಲ, ಮೀನಿನ ಮುಳ್ಳಿನ ಭಯಕ್ಕೆ ಬರೀ ಸಾರು ಉಂಡರು. ಔಸೇಪ್ಪಚ್ಚನ್‌ನ ಗಾಡಿ ಬಿಳಿ ಕುರ್ಚಿಗಳನ್ನು ಹೇರಿಕೊಂಡು ಬೀದಿಯಿಂದ ಬೀದಿಗೆ ಮೆಲ್ಲಗೆ ಸಾಗುತ್ತಿತ್ತು. ಅದು ಯಾರ ಮನೆಯೆದುರು ನಿಧಾನವಾಯಿತೋ ಆ ಮನೆಯವರು ಬಾಗಿಲು ಹಾಕಿಕೊಂಡರು. ಮಕ್ಕಳು ಸಹ ಗದ್ದಲ ಮಾಡಲಿಲ್ಲ. ಹೊಳೆಯ ಕಡೆಯಿಂದ ಬರುವ ಗಾಳಿ ಕೂಡ ಅವತ್ತು ಬರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಸಂಜೆ ಐದಾಯಿತು. ಯಾರೂ ಸಾಯಲಿಲ್ಲ. ಕಚೇರಿ ಮುಗಿಸಿ ಬಂದ ವಾರ್ಯರ್ ಚಹಾದಂಗಡಿಯ ನಡುವೆ ನಿಂತು ಕೈಗಡಿಯಾರ ತೋರಿಸಿದ.

"ಎಲ್ಲಪ್ಪಾ ನಿಮ್ಮ ಆರ್ಯಭಟ? ಹೊತ್ತು ಮುಳುಗ್ತಾ ಬಂತು! ನಾನು ರಿಜಿಸ್ಟರ್ ತೋರಿಸದೆ ಇದ್ರೆ ಇವನಿಗೆ ಅಂಕಿ ಎಲ್ಲಿಂದ ಬಂತು ಅಂತ ಒಬ್ಬನಾದ್ರೂ ಕೇಳಿದ್ರೇನ್ರೋ? ಎಲ್ಲಾ ಬುರುಡೆ! ನನ್ನ ಮಾತು ಬರೆದಿಟ್ಕೊಳ್ಳಿ, ಇವತ್ತು ಈ ವಾರ್ಡಲ್ಲಿ ಒಂದು ನೊಣಾನೂ ಸಾಯಲ್ಲ!"

ಎಲ್ಲರೂ ನಕ್ಕರು. ವಾರ್ಯರ್ ಅವರಿಗಿಂತ ಜೋರಾಗಿ ನಕ್ಕ. ಆಮೇಲೆ ಉಳಿದವರು ನಗು ನಿಲ್ಲಿಸಿದರು. ವಾರ್ಯರ್‌ನ ನಗು ಮೊದಲೇ ನಿಂತಿತ್ತು, ಬಾಯಿ ಮಾತ್ರ ತೆರೆದೇ ಇತ್ತು. ಚಹಾದ ಲೋಟ ಕೈಯಲ್ಲಿ ನೆಟ್ಟಗೆ ಹಿಡಿದಂತೆಯೇ ಬೆಂಚಿಗೆ ಒರಗಿದ. ಒಂದು ಹನಿ ಚೆಲ್ಲಿರಲಿಲ್ಲ. ಔಸೇಪ್ಪಚ್ಚನ್‌ನ ಗಾಡಿ ಅಂಗಡಿಯ ಎದುರು ಬಂದು ನಿಂತಿತು.

ಮೂರನೇ ದಿನ ಸೇತು ಮಾಷ್ ತ್ರೇಸ್ಯಾಮ್ಮ ಟೀಚರ್‌ರ ಕಾಲಿಗೆ ಬಿದ್ದ. ಅಂಕಿ ಹುಟ್ಟಿಸಿದ್ದನ್ನೆಲ್ಲ ಹೇಳಿಕೊಂಡ. ಟೀಚರ್ ಕೈಯಲ್ಲಿದ್ದ ಕಾಳು ಕೆಳಗಿಟ್ಟರು.

"ಕಳ್ಳ ಅಂಕಿ! ನನ್ನ ವಿದ್ಯಾರ್ಥಿ! ಮಾಷೇ, ಇಷ್ಟು ದಿನ ನೀವು ದಡ್ಡರು ಅಂತ ಮಾತ್ರ ಅಂದ್ಕೊಂಡಿದ್ದೆ."

"ಎರಡು ಸರಿಯಾಯ್ತಲ್ಲ ಟೀಚರೇ? ನಂಗೆ ಹೆದರಿಕೆ ಆಗ್ತಿದೆ."

"ತಾರೀಕು ಹಾಕಿದ್ರೆ ಯಾವತ್ತಾದ್ರೂ ಯಾರಾದ್ರೂ ಸಾಯ್ತಾರೆ. ಕಾಕತಾಳೀಯ ಅಂತಾರೆ ಅದಕ್ಕೆ. ಹೋಗಿ ನಿಜ ಒಪ್ಕೊಳ್ಳಿ."

"ಒಪ್ಕೊಂಡ್ರೆ ಫೇಲು. ಅಮ್ಮ..."

"ಅಮ್ಮನಿಗೂ ನಿಜಾನೇ ಹೇಳಿ" ಎಂದು ಟೀಚರ್ ಕೋಳಿಗಳ ಕಡೆ ತಿರುಗಿದರು.

ಅಮ್ಮನಿಗೆ ಹೇಳೋಣವೆಂದು ಮನೆಗೆ ಬಂದರೆ ಅಮ್ಮ ಮನೆಯಲ್ಲಿರಲಿಲ್ಲ. ಜರಿಯಂಚಿನ ಮುಂಡು ಉಟ್ಟು, ಗಂಧವಿಟ್ಟುಕೊಂಡು, ಆಟೋ ಹತ್ತಿ ಫೋಟೋ ಸ್ಟುಡಿಯೋಗೆ ಹೋಗಿದ್ದರು. ಬಂದ ಮೇಲೆ ಫೋಟೋ ತೆಗೆದು ತೋರಿಸಿದರು.

"ಪೇಪರಿಗೆ ಕೊಡೋಕೆ ಕಣೋ. ಆ ಸ್ಟುಡಿಯೋದವನು ನಗಿ ಅಮ್ಮಾ ಅಂದ. ಸತ್ತವರ ಪುಟದಲ್ಲಿ ಹಲ್ಲು ಕಿರಿದುಕೊಂಡು ಕೂರೋಕಾಗುತ್ತಾ? ಗಂಭೀರವಾಗಿ ತೆಗೆಸ್ದೆ. ಒಂಬತ್ತನೇ ತಾರೀಕು ನಂದು."

"ಏನಮ್ಮಾ ಇದು!"

"ಎರಡು ಸರಿಯಾಗಿದೆ. ಮೂರನೇದು ತಪ್ಪಿದ್ರೆ ಮಾರ್ಕು ಕಟ್ ಮಾಡ್ತಾರೆ, ನಂಗೊತ್ತಿಲ್ವಾ? ಬೇರೆಯವರನ್ನ ನಂಬ್ಕೊಂಡು ಕೂರೋಕಾಗುತ್ತೇನೋ? ಯಾರಿಗೂ ಸಾಯೋ ಮನಸ್ಸಿಲ್ಲ, ಎಲ್ಲಾ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ನಂಗೆ ಎಂಬತ್ತಮೂರಾಯ್ತು. ನಿಂಗೆ ಮೂರಕ್ಕೆ ಮೂರು ಸಿಗಲಿ."

ಸೇತು ಮಾಷ್ ಅಳುತ್ತ ನಿಜ ಹೇಳಿದ. ಅದೆಲ್ಲ ಸುಳ್ಳು ಅಂಕಿ, ಕುಳಿತಲ್ಲಿ ಬರೆದದ್ದು ಎಂದ. ಕಾರ್ತ್ಯಾಯನಿಯಮ್ಮ ಅವನ ತಲೆ ಸವರಿದರು. "ನಿಂಗೆ ಹುಟ್ಟಿದಾಗಿನಿಂದ ಸುಳ್ಳು ಹೇಳೋಕೆ ಬರಲ್ಲ ಕಣೋ. ನನ್ನ ಉಳಿಸ್ಕೊಳ್ಳೋಕೆ ಈಗ ಕಲೀತಿದ್ದೀಯ, ಪಾಪ."

ಅವನು ವಾಚನಾಲಯಕ್ಕೆ ಹೋಗಿ, ಮೇಜಿನ ಮೇಲೆ ಹತ್ತಿ, ಇಡೀ ವಾರ್ಡಿಗೆ ಕೇಳುವ ಹಾಗೆ ತಪ್ಪೊಪ್ಪಿಕೊಂಡ. ಜನ ಗಂಭೀರವಾಗಿ ಕೇಳಿದರು. ಕೊನೆಗೆ ಹಂಸ ಎದ್ದು, "ಹೆಸರು ಗೊತ್ತಾಗಿದೆ ಇವ್ರಿಗೆ. ಅದಕ್ಕೇ ಈ ನಾಟಕ. ಯಾರು ಮಾಷೇ? ನಾನಲ್ಲ ತಾನೇ?" ಎಂದ. ಕಾರ್ತ್ಯಾಯನಿಯಮ್ಮ ಆ ದಿನವನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಿ ಸುಮಂಗಲಳ ಮೂಲಕ ಹೊರಗೆ ಬಿತ್ತು. ವಾರ್ಡು ದೊಡ್ಡದೊಂದು ಉಸಿರು ಬಿಟ್ಟಿತು.

ಡಿಸೆಂಬರ್ ಐದರಿಂದ ಆಕೆ ಗಂಜಿ ಬಿಟ್ಟರು, ಮಾತ್ರೆ ಬಿಟ್ಟರು. ಡಾಕ್ಟರು ಬಂದು ನಾಡಿ ಹಿಡಿದು, "ಕಾಯಿಲೆ ಏನೂ ಇಲ್ಲ, ಊಟ ಕೊಡಿ" ಎಂದರು. ಬಾಯಿ ತೆರೆಸುವ ಔಷಧ ಅವರ ಹತ್ತಿರವೂ ಇರಲಿಲ್ಲ. ಸೇತು ಮಾಷ್ ನಾಲ್ಕು ದಿನ ಚಮಚ ಹಿಡಿದು ಮಂಚದ ಪಕ್ಕ ಕುಳಿತ. ಅಮ್ಮ ಹಲ್ಲು ಕಚ್ಚಿಕೊಂಡೇ, "ಹೋಗಿ ಪ್ರಾಜೆಕ್ಟ್ ನೋಡ್ಕೋ" ಎನ್ನುತ್ತಿದ್ದರು. ದಿನದಿಂದ ದಿನಕ್ಕೆ ಆ ದನಿ ಸಣ್ಣದಾಗುತ್ತ ಬಂತು.

ಒಂಬತ್ತರ ಬೆಳಗ್ಗೆ ಏಳಕ್ಕೆ ಅಂಗಳದಲ್ಲಿ ಸದ್ದಾಯಿತು. ಔಸೇಪ್ಪಚ್ಚನ್ ಕುರ್ಚಿ ಇಳಿಸುತ್ತಿದ್ದ.

"ಯಾರು ಹೇಳಿದ್ದೋ ನಿಂಗೆ?" ಎಂದು ಮಾಷ್ ಕೂಗಿದ.

"ಅಮ್ಮನೇ ಹೇಳಿದ್ದು ಮಾಷೇ. ಮುಂದಿನ ಸಾಲು ನೆರಳಲ್ಲಿರಲಿ, ಟೀಚರ್‌ಗೆ ಬಿಸಿಲು ಆಗಲ್ಲ ಅಂದಿದ್ರು."

ಎಂಟರ ಹೊತ್ತಿಗೆ ಜನ ಬಂದರು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಮುಂಡುಪಂಚೆ ಉಟ್ಟು, ಕೈಯಲ್ಲಿ ಬಾಳೆಹಣ್ಣು, ಎಳನೀರು ಹಿಡಿದುಕೊಂಡು. ಒಬ್ಬೊಬ್ಬರಾಗಿ ಒಳಗೆ ಹೋಗಿ ಮಂಚದ ಬಳಿ ಬಾಗಿ, "ನಮ್ಮ ಪಾಲಿನದನ್ನ ನೀವು ತಗೊಂಡ್ರಲ್ಲ ಅಮ್ಮಾ, ದೊಡ್ಡ ಮನಸ್ಸು" ಎಂದು ಹೇಳಿ ಬಂದು ಕುರ್ಚಿಯಲ್ಲಿ ಕುಳಿತರು. ಹಂಸ ಮಂತ್ರಿಗಳ ಕಾರ್ಯಕ್ರಮವನ್ನೇ ಮುಂದೂಡಿ ಬಂದಿದ್ದ. ಪಣಿಕ್ಕರ್ ಎರಡನೇ ಸಾಲು. ಲಿಜಿ ಖಾಲಿ ಚೌಕದ ಫ್ಲೆಕ್ಸನ್ನು ಸುರುಳಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಐವತ್ತು ಕುರ್ಚಿಯೂ ತುಂಬಿತು. ಬಿಸಿಲು ಏರುತ್ತಿತ್ತು, ಎಲ್ಲರ ಮುಖವೂ ಒಂದೇ ಕಿಟಕಿಯ ಕಡೆ ಇತ್ತು, ಬದುಕಿರುವವರೊಬ್ಬರ ಮನೆಯೆದುರು ಇಡೀ ಊರು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಸುಮಂಗಲ ನಡುನಡುವೆ ಕಟ್ಟನ್ ಕಾಪಿ ಹಂಚುತ್ತಿದ್ದಳು, ಹಾಲಿಲ್ಲದ ಕಪ್ಪು ಕಾಪಿ, ಸಾವಿನ ಮನೆಯದು.

ಮಧ್ಯಾಹ್ನ ದಾಟಿತು. ಅಮ್ಮನ ಉಸಿರಿನ ನಡುವಿನ ಅಂತರ ಹೆಚ್ಚುತ್ತಿತ್ತು. ಸೇತು ಮಾಷ್ ತನಗೆ ಬೇಡವೆಂದರೂ ಅದನ್ನು ಎಣಿಸುತ್ತಿದ್ದ. ನಾಲ್ಕು. ಐದು. ಆರು. ಹಾಳು ಸರಾಸರಿ ತಾನಾಗಿಯೇ ತಲೆಯಲ್ಲಿ ಲೆಕ್ಕವಾಗುತ್ತಿತ್ತು. ಆಗ ಅವನ ಮಂದಬುದ್ಧಿಗೆ, ನಲವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಒಂದು ಗಣಿತದ ವಿಷಯ ಹೊಳೆಯಿತು.

"ಅಮ್ಮಾ! ನೀನು ಸತ್ರೆ ನಾನು ಫೇಲು!"

ಅಮ್ಮನ ಒಂದು ಕಣ್ಣು ಸ್ವಲ್ಪ ತೆರೆಯಿತು.

"ಮೂರಕ್ಕೆ ಮೂರು ಸರಿಯಾದ್ರೆ ಅದು ಗಣಿತ ಅಲ್ಲಮ್ಮಾ, ಕಣಿ! ಪರೀಕ್ಷಕರು ಒಂದು ನಿಮಿಷ ಕೂಡ ನಂಬಲ್ಲ. ಅಂಕಿ ತಿದ್ದಿದ್ದಾನೆ ಅಂತ ಎತ್ತಿ ಹೊರಗೆ ಹಾಕ್ತಾರೆ. ಒಂದಾದ್ರೂ ತಪ್ಪಲೇಬೇಕು. ಟೀಚರೇ! ಬನ್ನಿ ಒಳಗೆ! ಹೌದೋ ಅಲ್ವೋ ಹೇಳಿ!"

ತ್ರೇಸ್ಯಾಮ್ಮ ಟೀಚರ್ ಕಿಟಕಿಯ ಬಳಿ ಬಂದರು. ಗಣಿತದಲ್ಲಿ ಅವರು ಒಮ್ಮೆಯೂ ಸುಳ್ಳು ಹೇಳಿದವರಲ್ಲ. ಆಗಲೂ ಹೇಳಬೇಕಾಗಿ ಬರಲಿಲ್ಲ.

"ಹೌದು ಕಾರ್ತ್ಯಾಯನಿಯಮ್ಮಾ. ಮೂರೂ ಸರಿಯಾದ್ರೆ ನಾನೇ ಫೇಲ್ ಮಾಡ್ತೀನಿ."

ಅಂಗಳದಲ್ಲಿ ಯಾರೋ ಕೆಮ್ಮಿದರು. ಕಣಿಯ ಮಾತಿಗೆ ಪಣಿಕ್ಕರ್ ಎದ್ದವರು ಸುತ್ತ ನೋಡಿ ಕುಳಿತರು. ಆಮೇಲೆ ಒಳಗಿನಿಂದ ಸಣ್ಣ ದನಿ ಕೇಳಿಸಿತು.

"ಇದನ್ನ ಐದನೇ ತಾರೀಕೇ ಹೇಳೋಕೆ ಏನಾಗಿತ್ತೋ ದಡ್ಡಾ? ನಾಲ್ಕು ದಿನದ ಗಂಜಿ ಹೋಯ್ತು. ತಾ ಇಲ್ಲಿ."

ಸೇತು ಮಾಷ್ ಚಮಚ ಎತ್ತಿದ. ಅಮ್ಮ ಬಾಯಿ ತೆರೆದರು. ಅವನು ಗಂಜಿ ಕುಡಿಸುತ್ತ ಮಗುವಿನ ಹಾಗೆ ಅತ್ತ.

ಹೊರಗೆ ಐವತ್ತು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾರೀಕು ಇನ್ನೂ ಒಂಬತ್ತೇ. ಮೊದಲು ಎದ್ದು ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಆದರೂ ಹೊತ್ತು ಮುಳುಗುವ ಹೊತ್ತಿಗೆ ಎಲ್ಲರೂ ಜೀವಂತವಾಗಿಯೇ, ಸ್ವಲ್ಪ ಮುನಿಸಿಕೊಂಡೇ, ಮನೆಗೆ ಹೋದರು. ಅವತ್ತು ಒಂಬತ್ತನೇ ವಾರ್ಡಿನಲ್ಲಿ ಯಾರೂ ಸಾಯಲಿಲ್ಲ.

ಲೋಟ ತೊಳೆಯುತ್ತ ಸುಮಂಗಲ ಹೇಳಿದಳು. "ಕೊನೇ ಸಾಲಲ್ಲಿ ಕೂತಿದ್ರಲ್ಲ, ಬಿಳಿ ಮುಂಡಿನವರು, ಅವರು ಕಾಪಿ ಮುಟ್ಟಲೇ ಇಲ್ಲ. ಹಾಗೇ ಇಟ್ಟು ಹೋಗಿದ್ದಾರೆ. ಯಾರವರು?"

"ಯಾವ ಬಿಳಿ ಮುಂಡು?"

"ಬೆಳಗ್ಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ರು. ಒಳ್ಳೇ ಮನುಷ್ಯ. ಅಮ್ಮ ಗಂಜಿ ಕುಡಿದ ಮೇಲೆ ನನ್ನ ಕರೆದು, 'ಹಾಗಾದ್ರೆ ಇವತ್ತು ಆಗಲ್ವಾ?' ಅಂತ ಕೇಳಿದ್ರು. ಎಷ್ಟು ಮರ್ಯಾದೆಯಿಂದ ಕೇಳಿದ್ರು ಗೊತ್ತಾ? ಅಷ್ಟೊತ್ತು ಕಾದಿದ್ರಲ್ಲ ಪಾಪ ಅಂತ ನಾನೂ ಹೇಳ್ದೆ, ಇಲ್ಲ, ಇವರ ಪ್ರಾಜೆಕ್ಟ್ ಮುಗಿಯೋ ತನಕ ಅಮ್ಮ ಹೋಗಲ್ಲ ಅಂತ. 'ಸರಿ, ಮುಗಿದ ಮೇಲೆ ಬರ್ತೀನಿ' ಅಂದು ಹೊಳೆ ಕಡೆ ಇಳಿದು ಹೋದ್ರು."

ಹೊಳೆಯ ಕಡೆ ಆ ಹೊತ್ತಿಗೆ ದೋಣಿಯಿಲ್ಲ. ಸೇತು ಮಾಷ್ ಮರುದಿನ ಎಲ್ಲರನ್ನೂ ವಿಚಾರಿಸಿದ. ಅವರನ್ನು ಎಲ್ಲರೂ ನೋಡಿದ್ದರು. ಮಂತ್ರಿಗಳು ಕಳಿಸಿದ ಅಧಿಕಾರಿ ಎಂದುಕೊಂಡಿದ್ದ ಹಂಸ. ತನ್ನ ಹತ್ತಿರ ಕವಡೆ ಹಾಕಿಸಲು ಬಂದವರು ಎಂದುಕೊಂಡಿದ್ದರು ಪಣಿಕ್ಕರ್. ಔಸೇಪ್ಪಚ್ಚನ್ ಮಾತ್ರ ತಲೆ ಕೆರೆದುಕೊಂಡ. "ನಾನು ತಂದಿದ್ದು ಐವತ್ತು ಕುರ್ಚಿ ಮಾಷೇ. ಐವತ್ತರಲ್ಲೂ ನಮ್ಮವರೇ ಕೂತಿದ್ರು. ಅವರು ಯಾವುದರ ಮೇಲೆ ಕೂತಿದ್ರು?"

ಡಿಸೆಂಬರ್ ಹದಿನೈದರ ಬೆಳಗ್ಗೆ ಮಾಷ್ ಪ್ರಾಜೆಕ್ಟಿನ ಹಾಳೆಗಳನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತ. ತಪ್ಪೊಪ್ಪಿಕೊಂಡು ಕೊನೆಗೆ ಒಂದು ಪುಟ ಬರೆದಿದ್ದ. ಬೈಂಡ್ ಮಾಡಿಸಿ ಒಪ್ಪಿಸಿದರೆ ಏನೋ ಒಂದು ತೀರ್ಮಾನವಾಗುತ್ತಿತ್ತು. ಬಸ್ಸು ಬಂತು. ಅವನು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟ. ಮನೆಗೆ ಬಂದು, "ಒಂದು ತಪ್ಪಿದೆಯಮ್ಮಾ, ತಿದ್ದಬೇಕು" ಎಂದ.

ಹೆಸರು ಹೊಡೆದುಹಾಕಿದರು. ಅವನು ಮತ್ತೆ ಕಟ್ಟಿದ. ವಾರ್ಯರ್‌ನ ಜಾಗಕ್ಕೆ ಬಂದ ಹೊಸ ಗುಮಾಸ್ತೆ ರಿಜಿಸ್ಟರನ್ನು ನಗುನಗುತ್ತ ಕೊಟ್ಟಳು. ಹತ್ತು ವರ್ಷದ ನಿಜವಾದ ಅಂಕಿಗಳನ್ನು ಒಂದೊಂದಾಗಿ ಬರೆದುಕೊಂಡ, ಪಕ್ಕದ ವಾರ್ಡಿನದನ್ನೂ ಬರೆದುಕೊಂಡ, ಆಮೇಲೆ ಇಡೀ ಪಂಚಾಯಿತಿಯದನ್ನು. ಎಂಟು ವರ್ಷವಾಯಿತು. ಹೋದ ತಿಂಗಳು ತ್ರೇಸ್ಯಾಮ್ಮ ಟೀಚರ್ ಇನ್ನೂರು ಪುಟವನ್ನೂ ಓದಿ ಕನ್ನಡಕ ತೆಗೆದರು.

"ಮಾಷೇ, ನನ್ನ ಕೈಕೆಳಗೆ ಬಂದ ಪ್ರಾಜೆಕ್ಟುಗಳಲ್ಲೆಲ್ಲ ಇದೇ ದೊಡ್ಡದು. ಮೊದಲನೇ ಏಟಿಗೇ ಪಾಸು. ಕೊಟ್ಬಿಡಿ ಇನ್ನು."

"ಇನ್ನೊಂದು ಕೋಷ್ಟಕ ಬಾಕಿ ಇದೆ ಟೀಚರೇ."

"ಯಾವ ಕೋಷ್ಟಕ?" ಎಂದು ಗದರಲು ಹೊರಟವರು ಅವನ ಮುಖ ನೋಡಿ ಹಾಳೆಗಳನ್ನು ಜೋಡಿಸಿ ಅವನ ಕೈಗೇ ಕೊಟ್ಟರು.

ಊರವರು ನಗುತ್ತಾರೆ. ಸಂಶೋಧನೆ ಎಲ್ಲಿಗೆ ಬಂತು ಮಾಷೇ ಎಂದು ಚಹಾದಂಗಡಿಯಲ್ಲಿ ದಿನಾ ಒಬ್ಬನಾದರೂ ಕೆಣಕುತ್ತಾನೆ. ಲಿಜಿ ಮಾತ್ರ ನಗುವುದಿಲ್ಲ. ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ಬಿಳಿ ಮುಂಡಿನ ಒಬ್ಬರು ಅವಳ ಅಂಗಡಿಯ ಮೆಟ್ಟಿಲ ಬಳಿ ನಿಂತು, ಸೇತು ಮಾಷ್‌ರ ಪ್ರಾಜೆಕ್ಟ್ ಬೈಂಡಿಂಗಿಗೆ ಬಂತೇ ಎಂದು ಬಹಳ ಮರ್ಯಾದೆಯಿಂದ ಕೇಳಿ ಹೋಗುತ್ತಾರೆ.

ಕಾರ್ತ್ಯಾಯನಿಯಮ್ಮನಿಗೆ ತೊಂಬತ್ತೊಂದು. ಕಣ್ಣು ಹೋಗಿದೆ, ಕಿವಿ ಅರ್ಧ ಹೋಗಿದೆ, ನಾಲಿಗೆ ಹಾಗೇ ಇದೆ. ದೀಪ ಹಚ್ಚುವ ಹೊತ್ತಿಗೆ ಮಗನ ಹೆಜ್ಜೆ ಕೇಳಿದರೆ ಮಂಚದಿಂದಲೇ ಕೂಗುತ್ತಾರೆ.

"ಮುಗೀತೇನೋ?"

"ಇಲ್ಲಮ್ಮಾ."

"ನಿನ್ನ ಕೈಲಿ ಏನೂ ಆಗಲ್ಲ ಬಿಡು" ಎಂದು ಬೈದು, ಅಮ್ಮ ಗಂಜಿಗೆ ಕೈ ಚಾಚುತ್ತಾರೆ.